ಉಳುಕಿದ ಕಾಲು ಏನು ಹೇಳುತ್ತದೆ?

ರಾಯಚೂರು ತಾಲ್ಲೂಕಿನ ಕಲ್ಮಲದ ಸುತ್ತಮುತ್ತಲಿನ ಹೊಲದ ದಾರಿಗಳನ್ನು ನೋಡಿದ್ದೀರಾ? ಎರೆಮಣ್ಣಿನ ನೆಲ. ಮಳೆ ಬಂದರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಟ್ಟು ಬಿರುಕಾಗುತ್ತದೆ. ಬದುವಿನ ಮೇಲೆ ಕಲ್ಲು, ಕೊಯ್ಲಾದ ಹೊಲದಲ್ಲಿ ಜೋಳದ ಕೂಳೆ, ದಾರಿಯ ಪಕ್ಕ ಕಿತ್ತು ಹಾಕಿದ ಹತ್ತಿ ಕಟ್ಟಿಗೆ. ಇಂಥ ಏರುಪೇರಿನ ದಾರಿಯಲ್ಲಿ ಓಡುವುದನ್ನು ಪಟ್ಟಣದವರು ‘ಟ್ರೇಲ್ ಓಟ’ ಎನ್ನುತ್ತಾರೆ. ಅದಕ್ಕಾಗಿ ದುಬಾರಿ ಬೂಟು ಕೊಂಡು ಮಲೆನಾಡಿನ ಗುಡ್ಡಗಳಿಗೆ ಹೋಗುತ್ತಾರೆ. ಹಳ್ಳಿಯ ಮಕ್ಕಳು ಅದನ್ನೇ ದಿನವೂ ಬರಿಗಾಲಿನಲ್ಲಿ ಮಾಡುತ್ತಾರೆ!

ಈಗ ಹೀಗೆ ಊಹಿಸಿಕೊಳ್ಳಿ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಇನ್ನು ನಾಲ್ಕೇ ದಿನ. ನಿಮ್ಮ ಶಾಲೆಯಿಂದ 400 ಮೀಟರ್ ಓಟಕ್ಕೆ ನೀವೇ ಆಯ್ಕೆಯಾಗಿದ್ದೀರಿ. ಸಂಜೆ ಹೊಲದ ದಾರಿಯಲ್ಲಿ ಓಡುವಾಗ ಬಿರುಕಿನ ಅಂಚಿನ ಮೇಲೆ ಕಾಲಿಟ್ಟಿರಿ. ಪಾದ ಒಳಕ್ಕೆ ಮಗುಚಿತು. ಚಳಕ್ ಎಂದಿತು. ಆದರೂ ಎದ್ದು ಇನ್ನೊಂದು ಸುತ್ತು ಓಡಿದಿರಿ. ರಾತ್ರಿ ಊಟದ ಹೊತ್ತಿಗೆ ಹರಡು ಬದನೆಕಾಯಿಯಂತೆ ಊದಿದೆ, ನೆಲಕ್ಕೆ ಕಾಲೂರಲು ಆಗುತ್ತಿಲ್ಲ. ಇನ್ನೊಂದು ಸುತ್ತು ಓಡಿದ ಕಾಲು ಈಗ ಯಾಕೆ ನಿಲ್ಲಲಾರದು?

ಮೊದಲು ಕಾಲಿನೊಳಗೆ ಏನಾಯಿತು ನೋಡೋಣ. ಮೂಳೆಯನ್ನು ಮೂಳೆಗೆ ಕಟ್ಟಿಹಾಕುವ ಗಟ್ಟಿ ಪಟ್ಟಿಗಳಿಗೆ ಅಸ್ಥಿರಜ್ಜುಗಳು ಎಂದು ಹೆಸರು. ಹರಡಿನ ಹೊರಮಗ್ಗುಲಲ್ಲಿ ಇಂಥ ಮೂರು ಪಟ್ಟಿಗಳಿವೆ. ಪಾದ ಒಳಕ್ಕೆ ಮಗುಚಿದಾಗ ಅವುಗಳಲ್ಲಿ ಮುಂದಿನದು ಸಾಮಾನ್ಯವಾಗಿ ಮೊದಲು ಹಿಗ್ಗುತ್ತದೆ. ಅದರ ಕೆಲವು ಎಳೆಗಳು ಹರಿಯುತ್ತವೆ, ಸಣ್ಣ ರಕ್ತನಾಳಗಳೂ ಒಡೆಯುತ್ತವೆ. ರಿಪೇರಿ ಮಾಡುವ ಜೀವಕೋಶಗಳೂ ದ್ರವವೂ ಅಲ್ಲಿಗೆ ಹರಿದು ಬರುತ್ತವೆ. ಅದೇ ಊತ. ಅದು ತುಂಬಿಕೊಳ್ಳಲು ಕೆಲವು ಗಂಟೆ ಬೇಕು. ಓಡುವ ಹುರುಪಿನಲ್ಲಿ ದೇಹ ಅಡ್ರಿನಲಿನ್ ಮತ್ತು ಎಂಡಾರ್ಫಿನ್ ಎಂಬ ರಾಸಾಯನಿಕಗಳನ್ನು ಸುರಿಸುತ್ತದೆ. ಇವು ಸ್ವಲ್ಪ ಹೊತ್ತು ನೋವನ್ನು ಮುಚ್ಚಿಡುತ್ತವೆ. ಹುಲಿ ಬೆನ್ನಟ್ಟಿದಾಗ ಅದು ಒಳ್ಳೆಯ ಏರ್ಪಾಡು. 400 ಮೀಟರ್ ಅಭ್ಯಾಸಕ್ಕೆ ಅಷ್ಟು ಒಳ್ಳೆಯದಲ್ಲ. ‘ಆಗ ನೋಯಲಿಲ್ಲ, ಆದ್ದರಿಂದ ಏನೂ ಆಗಿಲ್ಲ’ ಎಂಬ ಲೆಕ್ಕ ಇಲ್ಲಿಯೇ ತಪ್ಪುತ್ತದೆ.

ನೋವು ಮೆದುಳಿಗೆ ಹೇಗೆ ತಲುಪುತ್ತದೆ? ಕಾಲ ಹೆಬ್ಬೆರಳು ಹೊಸ್ತಿಲಿಗೆ ಎಡವಿದ್ದನ್ನು ನೆನಪಿಸಿಕೊಳ್ಳಿ. ಮೊದಲು ಚುರುಕ್ಕೆನ್ನುವ ಒಂದು ನೋವು. ಸುಮಾರು ಒಂದು ಕ್ಷಣ ಬಿಟ್ಟು ಮಂದವಾಗಿ ಹಬ್ಬುವ ಇನ್ನೊಂದು ನೋವು. ಇವೆರಡೂ ಬೇರೆ ಬೇರೆ ನರತಂತುಗಳಲ್ಲಿ ಬರುತ್ತವೆ. ಒಂದು ಜಾತಿಯ ತಂತು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತದೆ. ಇನ್ನೊಂದು ಅರ್ಧದಿಂದ ಎರಡು ಮೀಟರ್ ವೇಗದಲ್ಲಿ ಮಾತ್ರ. ಮೊದಲನೆಯದು ‘ಕಾಲು ತೆಗೆ’ ಎನ್ನುತ್ತದೆ, ಎರಡನೆಯದು ‘ಈಗ ಇದನ್ನು ಬಳಸಬೇಡ’ ಎನ್ನುತ್ತದೆ.

ನೋವೇ ಇಲ್ಲದಿದ್ದರೆ ಎಷ್ಟು ಚೆನ್ನ ಅನಿಸುತ್ತದೆಯಲ್ಲವೇ? 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿದರು. ಆ ರೋಗದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದರು. ಬ್ರ್ಯಾಂಡ್ ಕಂಡದ್ದು ಬೇರೆ. ರೋಗ ನರಗಳನ್ನು ಕೆಡಿಸಿ ನೋವಿನ ಅರಿವನ್ನು ಅಳಿಸುತ್ತಿತ್ತು. ಆಮೇಲೆ ರೋಗಿ ಬಿಸಿ ಪಾತ್ರೆ ಹಿಡಿದರೂ ತಿಳಿಯದು, ಗಾಯವಾದ ಪಾದದ ಮೇಲೆ ನಡೆದರೂ ತಿಳಿಯದು. ಬೆರಳುಗಳನ್ನು ಹಾಳುಮಾಡುತ್ತಿದ್ದುದು ಹೀಗೆ ಗೊತ್ತಾಗದೆ ಉಳಿದ ಗಾಯಗಳು.

ಹಾಗಾದರೆ ಪ್ರತಿ ನೋವಿಗೂ ಓಟ ನಿಲ್ಲಿಸಬೇಕೇ? ಬೇಡ. ಹೊಸದಾಗಿ ಓಟ ಶುರುಮಾಡಿದ ಮಾರನೆಯ ದಿನ ಎರಡೂ ತೊಡೆ, ಎರಡೂ ಮೀನಖಂಡ ಒಂದೇ ಸಮ ಹಿಡಿದಂತಾಗುತ್ತವೆ. ಅದು ಸ್ನಾಯುಗಳ ದಣಿವು. ಎರಡು ಮೂರು ದಿನದಲ್ಲಿ ಹೋಗುತ್ತದೆ, ಮೆಲ್ಲಗೆ ನಡೆದಾಡಿದರೆ ಹಗುರವೂ ಆಗುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾದರೆ ಅದು ಬೇರೆ ಸಂಗತಿ. ಕುಂಟುತ್ತಿದ್ದೀರಿ ಎಂದರೆ ಯೋಚಿಸುವುದೇ ಬೇಡ, ಆ ದಿನದ ಓಟ ಮುಗಿಯಿತು.

ನಿಮ್ಮ ವಯಸ್ಸಿನಲ್ಲಿ ಇನ್ನೊಂದು ವಿಶೇಷವಿದೆ. ಬೆಳೆಯುತ್ತಿರುವ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳು ಪದರವೊಂದು ಇರುತ್ತದೆ. ನೀವು ಎತ್ತರವಾಗುವುದು ಅದರಿಂದಲೇ. ಆ ಪದರ ಅಸ್ಥಿರಜ್ಜುವಿಗಿಂತ ದುರ್ಬಲ. ದೊಡ್ಡವರಲ್ಲಿ ಉಳುಕಾಗುವಂಥ ಪೆಟ್ಟು ಮಕ್ಕಳಲ್ಲಿ ಈ ಪದರದ ಬಿರುಕೇ ಆಗಿರಬಹುದು. ಆದ್ದರಿಂದ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಹರಡಿನ ಮೂಳೆಯನ್ನು ಒತ್ತಿದಾಗ ನೋವಾದರೆ, ಆಸ್ಪತ್ರೆಗೆ ಹೋಗಿ ಎಕ್ಸ್‌-ರೇ ತೆಗೆಸಲೇಬೇಕು. ಎಣ್ಣೆ ಹಚ್ಚಿ ಜೋರಾಗಿ ನೀವುವುದು, ಬಿಸಿ ಶಾಖ ಕೊಡುವುದು, ಕಾಲೆಳೆಸಿ ಕಟ್ಟು ಹಾಕಿಸುವುದು ಮೊದಲ ದಿನ ಬೇಡವೇ ಬೇಡ. ಒಳಗೆ ಒಡೆದ ನಾಳಗಳಿಂದ ರಕ್ತ ಇನ್ನೂ ಒಸರುತ್ತಿರುವಾಗ ನೀವಿದರೆ ಊತ ಹೆಚ್ಚುತ್ತದೆ. ಮಂಜುಗಡ್ಡೆ ಸಿಗದಿದ್ದರೆ ಮಣ್ಣಿನ ಗಡಿಗೆಯ ತಣ್ಣೀರಲ್ಲಿ ಅದ್ದಿದ ಬಟ್ಟೆ ಸಾಕು. ಸಿಕ್ಕರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಮಾತ್ರ ಇಡಿ. ಮಲಗಿ, ಕಾಲಿನ ಕೆಳಗೆ ಎರಡು ದಿಂಬು ಇಟ್ಟುಕೊಳ್ಳಿ.

ನಾಲ್ಕು ದಿನದ ನಂತರದ ಓಟದ ಮಾತೇನು? ಸಣ್ಣ ಉಳುಕಿಗೂ ವಾರದಿಂದ ಮೂರು ವಾರ ಬೇಕು. ಆದ್ದರಿಂದ ಈ ಸಲ ಇಲ್ಲ. ಗುರುಗಳಿಗೆ ಕಾಲು ತೋರಿಸಿ, ಹೆಸರು ಬಿಡಿಸಿಕೊಳ್ಳಿ. ಅಳು ಬಂದರೆ ಬರಲಿ. ಇನ್ನೊಬ್ಬರ ಕಥೆ ಕೇಳಿ. ಮೂಡುಬಿದಿರೆ ಬಳಿಯ ಮಿಜಾರಿನ ಶ್ರೀನಿವಾಸ ಗೌಡ 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಕೋಣಗಳ ಎಳೆತವೂ ಸೇರಿದ ಓಟವಾದ್ದರಿಂದ ಅದು ಸರಿಯಾದ ಹೋಲಿಕೆಯಲ್ಲ, ಆ ಮಾತು ಬಿಡಿ. ಭಾರತೀಯ ಕ್ರೀಡಾ ಪ್ರಾಧಿಕಾರ ಅವರನ್ನು ಪರೀಕ್ಷಾ ಓಟಕ್ಕೆ ಕರೆಯಿತು. ಅವರು ಒಪ್ಪಲಿಲ್ಲ. ಕಾಲಿಗೆ ಪೆಟ್ಟಾಗಿದೆ, ಮೇಲಾಗಿ ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕ್‌ನಲ್ಲಿ ಬೆರಳ ತುದಿ ಊರಿ ಓಡಬೇಕು ಎಂದರು. ದೇಶವೇ ನೋಡುತ್ತಿದ್ದಾಗ ‘ಕಾಲು ಸರಿಯಿಲ್ಲ’ ಎಂದು ಹೇಳುವುದು ಸುಲಭವಲ್ಲ.

ನೋವು ಹೋದ ಕೂಡಲೇ ಕಾಲು ಗುಣವಾಯಿತು ಎನ್ನಲೂ ಆಗದು. ಅಸ್ಥಿರಜ್ಜುಗಳಲ್ಲಿ ಮತ್ತು ಸ್ನಾಯುಗಳಲ್ಲಿ ಪಾದ ಎತ್ತ ವಾಲಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳಿವೆ. ಕತ್ತಲಲ್ಲಿ ಕಾಲು ನೋಡದೆಯೇ ನಡೆಯುತ್ತೀರಲ್ಲ, ಅದು ಇವುಗಳ ಕೆಲಸ. ಉಳುಕಿನಲ್ಲಿ ಇವಕ್ಕೂ ಪೆಟ್ಟಾಗುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕಲು ಇದೂ ಒಂದು ಕಾರಣ.

ಮಾಡಿ ನೋಡಿ: ಗೋಡೆಯ ಪಕ್ಕ, ಗೆಳೆಯರು ಕೈಗೆ ಸಿಗುವಷ್ಟು ಹತ್ತಿರ ಇರುವಾಗ, ಒಂದೇ ಕಾಲಿನ ಮೇಲೆ ನಿಲ್ಲಿ. ಗೆಳೆಯರು ಸೆಕೆಂಡು ಎಣಿಸಲಿ. ಈಗ ಕಣ್ಣು ಮುಚ್ಚಿ ಹಾಗೆಯೇ ನಿಲ್ಲಿ. ಇನ್ನೊಂದು ಕಾಲಿನಲ್ಲೂ ಮಾಡಿ. ನಾಲ್ಕೂ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆಯಿರಿ. ಹಿಂದೆ ಉಳುಕಿದ್ದ ಕಾಲು ಯಾವುದು ಎಂದು ಹೇಳದೆ ಆ ಸಂಖ್ಯೆಗಳನ್ನು ಗೆಳೆಯರಿಗೆ ತೋರಿಸಿ, ಅವರು ಕಂಡುಹಿಡಿಯುತ್ತಾರೋ ನೋಡಿ. ಕಾಲು ಪೂರ್ತಿ ನೋವಿಲ್ಲದಂತಾದ ಮೇಲೆ ದಿನಕ್ಕೆ ಎರಡು ಸಲ ಹೀಗೆ ನಿಂತರೆ ಆ ನರತುದಿಗಳು ಮತ್ತೆ ಚುರುಕಾಗುತ್ತವೆ. ತಿಂಗಳು ಬಿಟ್ಟು ಅದೇ ಪುಟದಲ್ಲಿ ಹೊಸ ಸಂಖ್ಯೆ ಬರೆಯಿರಿ.