ಠಾಣೆಗೆ ಊರು ಗೊತ್ತಿರಬೇಕು

ಬಿಡದಿಯಲ್ಲಿ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ಎರಡು ಊರುಗಳು ಎದುರುಬದುರಾಗುತ್ತವೆ. ಒಂದು ಕಡೆ ಸಮವಸ್ತ್ರದ ಹುಡುಗರನ್ನು ಇಳಿಸುವ ಬಸ್ಸುಗಳ ಸಾಲು. ಇನ್ನೊಂದು ಕಡೆ ರಾಗಿ, ತೆಂಗು, ಹಿಪ್ಪುನೇರಳೆ ನಂಬಿಕೊಂಡ ಹಳ್ಳಿಗಳಿಂದ ಪೇಟೆಗೆ ಬಂದವರು. ಈ ಸೀಮೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆಯಿತು. ಬಿಡದಿ ಸುತ್ತ, ಮಾಗಡಿ ಕಡೆ, ಕನಕಪುರ ಕಡೆ ಠಾಣೆಗಳಲ್ಲಿ ಸಬ್‌ಇನ್‌ಸ್ಪೆಕ್ಟರ್ ಆಗಿ, ಆಮೇಲೆ ಇನ್‌ಸ್ಪೆಕ್ಟರ್ ಆಗಿ ದುಡಿದು ಈಚೆಗೆ ನಿವೃತ್ತನಾದೆ. ಮುಂದೆ ಈ ಕುರ್ಚಿಯಲ್ಲಿ ಕೂರುವವರಿಗಾಗಿ, ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಬಂದವರನ್ನು ಕೂರಿಸಿ, ಬರೆದುಕೊಳ್ಳಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಠಾಣೆಯಲ್ಲಿ, ಮೂರು ಕುರಿ ಕಳೆದುಕೊಂಡ ಅಜ್ಜಿಯೊಬ್ಬರು ಬೆಳಗ್ಗೆಯೇ ಬಂದು ನಿಂತಿದ್ದರು. ನಾನು ಬಂದೋಬಸ್ತಿಗೆ ಹೊರಟಿದ್ದೆ. "ನಾಳೆ ಬಾರಮ್ಮ" ಎಂದೆ. ನಾಳೆ ಬರುವುದೆಂದರೆ ಅವರಿಗೆ ಇನ್ನೊಂದು ದಿನದ ಕೂಲಿ ಹೋಗುತ್ತಿತ್ತು. ಅವರು ಬರಲಿಲ್ಲ. ಕೆಲವು ವಾರಗಳಲ್ಲಿ ಕುರಿ ಕಳ್ಳರು ಸಿಕ್ಕಿಬಿದ್ದರು, ಮಾರಿದ ಹಣವೂ ವಶವಾಯಿತು. ದೂರು ದಾಖಲಾಗಿದ್ದವರಿಗೆ ನ್ಯಾಯಾಲಯದ ಮೂಲಕ ಹಣ ಸಿಕ್ಕಿತು. ಅಜ್ಜಿಯ ಕುರಿ ಕಳುವಾಗಿದ್ದವೆಂದು ಹೇಳಲು ಮಾತ್ರ ಯಾವ ಕಾಗದದಲ್ಲೂ ಒಂದು ಸಾಲಿರಲಿಲ್ಲ. ಆ ಸಾಲು ಬರೆಯಬೇಕಾಗಿದ್ದವನು ನಾನು.

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ ದೂರು ತೆಗೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. "ನಮ್ಮ ಲಿಮಿಟ್ಸ್‌ಗೆ ಬರಲ್ಲ" ಎಂಬ ಮಾತನ್ನು ಠಾಣೆಯಿಂದ ಹೊರಗಟ್ಟಿ.

2. ಹಾಲಿನ ಡೇರಿ ಮುಂದೆ ಅರ್ಧ ಗಂಟೆ ನಿಲ್ಲಿ

2017ರಲ್ಲಿ ರಾಜ್ಯದಲ್ಲಿ ಬೀಟ್ ವ್ಯವಸ್ಥೆ ಸುಧಾರಿಸಿ, ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೂ ಅವರದೇ ಪ್ರದೇಶವನ್ನು ವಹಿಸಲಾಯಿತು. ಒಳ್ಳೆಯ ಏರ್ಪಾಟು. ಆದರೆ ಬೈಕಿನಲ್ಲಿ ಹೋಗಿ, ಬೀಟ್ ಪುಸ್ತಕಕ್ಕೆ ಸಹಿ ಹಾಕಿ ಬಂದರೆ ಊರು ಗೊತ್ತಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ, ಸಂಜೆ ಪ್ರತಿ ಮನೆಯಿಂದ ಒಬ್ಬರಾದರೂ ಹಾಲು ಹಾಕಲು ಡೇರಿಗೆ ಬರುತ್ತಾರೆ. ಯಾರ ಮನೆಗೆ ಹೊಸಬರು ಬಂದಿದ್ದಾರೆ, ಯಾವ ದಾಯಾದಿಗಳು ಮಾತು ಬಿಟ್ಟಿದ್ದಾರೆ, ಯಾರ ಮಗ ಇದ್ದಕ್ಕಿದ್ದಂತೆ ದುಬಾರಿ ಬೈಕು ತಂದಿದ್ದಾನೆ, ಎಲ್ಲವೂ ಅಲ್ಲಿ ಕಿವಿಗೆ ಬೀಳುತ್ತದೆ. ನಮ್ಮ ಒಬ್ಬ ಹೆಡ್ ಕಾನ್‌ಸ್ಟೆಬಲ್ ಡೇರಿಗೆ ಹೋಗುವಾಗ ಏನನ್ನೂ ಕೇಳುತ್ತಿರಲಿಲ್ಲ. "ಅಣ್ಣ, ಎಮ್ಮೆ ಕರು ಹಾಕ್ತಾ?" ಎಂದು ವಿಚಾರಿಸಿ ಸುಮ್ಮನಿರುತ್ತಿದ್ದರು. ಉಳಿದದ್ದನ್ನು ಊರೇ ಹೇಳುತ್ತಿತ್ತು.

3. ಪಾಳಿಗೆ ಬಂದವರೂ ಊರಿನವರೇ

ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಬಿಡದಿಯಲ್ಲಿ 1999ರಲ್ಲಿ ತಯಾರಿಕೆ ಶುರುಮಾಡಿತು. ಅದರ ಸುತ್ತ ಕೈಗಾರಿಕೆಗಳು ಬೆಳೆದವು. ಇಂದು ಬಾಡಿಗೆ ಕೋಣೆಗಳಲ್ಲಿ ಒಡಿಶಾ, ಬಿಹಾರ, ಉತ್ತರ ಕರ್ನಾಟಕದ ಹುಡುಗರಿದ್ದಾರೆ. ಕಳವಾದರೆ ಮೊದಲು ಅವರನ್ನೇ ಅನುಮಾನಿಸುವ ಚಾಳಿ ಊರಿಗಿದೆ, ಕೆಲವೊಮ್ಮೆ ನಮಗೂ ಇದೆ. ನಾನು ಕಂಡ ಹಾಗೆ ಅವರು ಹೆಚ್ಚಾಗಿ ಕಳೆದುಕೊಂಡವರು. ಸಂಬಳದ ರಾತ್ರಿ ಪರ್ಸು, ನಿದ್ದೆಯಲ್ಲಿದ್ದಾಗ ಮೊಬೈಲು, ಗುತ್ತಿಗೆದಾರನ ಕೈಯಲ್ಲಿ ತಿಂಗಳ ಕೂಲಿ. ಅವರ ಭಾಷೆ ಬಲ್ಲ ನಾಲ್ಕು ಜನರ ನಂಬರನ್ನು ಠಾಣೆಯ ಗೋಡೆಗೆ ಅಂಟಿಸಿಡಿ. ತನ್ನ ಮಾತು ಅರ್ಥವಾಗುವ ಠಾಣೆಗೆ ಆ ಹುಡುಗ ಮುಂದೊಂದು ದಿನ ಸಾಕ್ಷಿ ಹೇಳಲೂ ಬರುತ್ತಾನೆ.

4. ಹೆದ್ದಾರಿಯಲ್ಲಿ ಮೊದಲು ಓಡಿ ಬರುವವರನ್ನು ಗೌರವಿಸಿ

118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಲಾಯಿತು. ಕಾರಿನವರಿಗೆ ದಾರಿ ಹತ್ತಿರವಾಯಿತು. ಮನೆ ಈ ಕಡೆ, ಹೊಲ ಆ ಕಡೆ ಇದ್ದ ರೈತನಿಗೆ ದೂರವಾಯಿತು. ಬೇಲಿ ಸಂದಿಯಲ್ಲಿ ನುಸುಳಿ ಅಡ್ಡ ದಾಟುವವರನ್ನು ಬೈದು ಕಳಿಸಿದರೆ ನಾಳೆಯೂ ದಾಟುತ್ತಾರೆ. ಎಲ್ಲಿ ದಾಟುತ್ತಾರೆಂದು ಗುರುತು ಮಾಡಿ, ಅಲ್ಲೊಂದು ಮೇಲ್ಸೇತುವೆ, ದೀಪ ಬೇಕೆಂದು ಹೆದ್ದಾರಿ ಪ್ರಾಧಿಕಾರಕ್ಕೆ ಮತ್ತೆ ಮತ್ತೆ ಬರೆಯಿರಿ. ಅದೂ ಪೊಲೀಸ್ ಕೆಲಸವೇ.

ಅಪಘಾತವಾದಾಗ ನಮ್ಮ ಗಾಡಿಗಿಂತ ಮೊದಲು ಬರುವವರು ಪಂಕ್ಚರ್ ಅಂಗಡಿಯ ಹುಡುಗ, ಟೀ ಅಂಗಡಿಯ ಅಕ್ಕ, ಎಳನೀರು ಮಾರುವವರು. ಗಾಯಾಳುವನ್ನು ಎತ್ತಿದವರಿಗೆ ರಕ್ಷಣೆ ಕೊಡಲು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಆದರೂ "ಕೋರ್ಟಿಗೆ ಅಲೆಸ್ತಾರೆ" ಎಂಬ ಭಯ ಹೋಗಿಲ್ಲ. ನಾವು ಅಂಥವರನ್ನು ಠಾಣೆಗೆ ಕರೆಸುತ್ತಿರಲಿಲ್ಲ. ಅವರ ಅಂಗಡಿಗೇ ಹೋಗಿ, ಎಲ್ಲರೆದುರು ಕೈ ಮುಗಿದು ಬರುತ್ತಿದ್ದೆವು. ಪಕ್ಕದ ಅಂಗಡಿಯವರು ಅದನ್ನು ನೋಡುತ್ತಿದ್ದರು. ಮುಂದಿನ ಸಲ ಅವರೂ ಓಡಿ ಬಂದರು.

5. ಜಮೀನು ತಕರಾರಿನಲ್ಲಿ ನ್ಯಾಯಾಧೀಶರಾಗಬೇಡಿ

ಬೆಂಗಳೂರು ಹತ್ತಿರವಾದಷ್ಟೂ ಎಕರೆಯ ಬೆಲೆ ಏರಿತು, ಅಣ್ಣತಮ್ಮಂದಿರು ದೂರವಾದರು. ಪಹಣಿ ಒಬ್ಬರ ಹೆಸರಿಗೆ, ಅನುಭವ ಇನ್ನೊಬ್ಬರದು, ಅಪ್ಪ ಬರೆದುಕೊಟ್ಟ ಜಿಪಿಎ ಮೂರನೆಯವರ ಕೈಯಲ್ಲಿ. ಎಲ್ಲರೂ ಬರುವುದು ಠಾಣೆಗೆ: "ಸ್ವಾಮಿ, ನೀವೊಂದು ಮಾತು ಹೇಳಿಬಿಡಿ." ಆ ಒಂದು ಮಾತಿನಲ್ಲೇ ಠಾಣೆ ಕೆಡುತ್ತದೆ. ಇಂದು ನ್ಯಾಯವಾಗಿ ಪಂಚಾಯ್ತಿ ಮಾಡಿದರೂ ನಾಳೆ ಅದಕ್ಕೊಂದು ಬೆಲೆ ಕಟ್ಟುವವನು ಬಂದೇ ಬರುತ್ತಾನೆ. ಹಕ್ಕು ಯಾರದೆಂದು ಹೇಳಬೇಕಾದದ್ದು ಸಿವಿಲ್ ನ್ಯಾಯಾಲಯ. ದಾಖಲೆ ಸರಿಪಡಿಸಬೇಕಾದದ್ದು ಕಂದಾಯ ಇಲಾಖೆ. ವಕೀಲರ ಖರ್ಚಿಗೆ ದಾರಿಯಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ನಮ್ಮ ಪಾಲಿನದು ಹೊಡೆದಾಟ ತಡೆಯುವುದು. ಶಾಂತಿ ಕಾಪಾಡಲು ಮುಚ್ಚಳಿಕೆ ಬರೆಸುವ, ಊರಿನ ಬಾಯಲ್ಲಿರುವ ಹಳೆಯ '107' ಈಗ ಹೊಸ ಸಂಹಿತೆಯಲ್ಲಿ 126ನೇ ಕಲಂ. ಮಚ್ಚು ಎತ್ತುವ ಮೊದಲೇ ಅದನ್ನು ಬಳಸಿ.

6. ಮಗು ಕಾಣೆಯಾದರೆ ಬೆಳಗಾಗುವುದನ್ನು ಕಾಯಬೇಡಿ

"ಯಾರ ಜೊತೆಯೋ ಹೋಗಿರಬೇಕು, ಬರ್ತಾಳೆ ಬಿಡಿ" ಎಂದು ಯಾವ ತಾಯಿಗೂ ಹೇಳಬೇಡಿ. ಅಪ್ರಾಪ್ತರು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ನಿರ್ದೇಶಿಸಿದೆ. ರೈಲು ನಿಲ್ದಾಣ, ಬಸ್ ನಿಲ್ದಾಣ, ಟೋಲ್ ಗೇಟಿನ ಕ್ಯಾಮೆರಾ: ಮೂರಕ್ಕೂ ಒಟ್ಟಿಗೇ ಜನ ಓಡಬೇಕು.

7. ಕಳ್ಳ ಮೊಬೈಲಿನೊಳಗೆ ಬಂದಿದ್ದಾನೆ

ಹಿಂದೆ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ, ನಗದು ಕಟ್ಟಿಕೊಂಡು ಬಸ್ಸು ಹತ್ತುವ ರೈತನ ಜೇಬು ಕಾಯುವುದು ನಮ್ಮ ಚಿಂತೆಯಾಗಿತ್ತು. ಈಗ ಹಣ ಬ್ಯಾಂಕ್ ಖಾತೆಗೆ ಬರುತ್ತದೆ, ಕಳ್ಳನೂ ಅಲ್ಲಿಗೇ ಹೋಗಿದ್ದಾನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದರೆ ಹೋದ ಹಣವನ್ನು ತಡೆಹಿಡಿಯುವ ಅವಕಾಶವಿದೆ. ಆ ನಂಬರನ್ನು ಡೇರಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ.

8. ಧರಣಿ ಕೂರುವವರೊಂದಿಗೆ ಹಿಂದಿನ ದಿನವೇ ಮಾತಾಡಿ

ಬಿಡದಿ ಬಳಿ ಯೋಜಿಸಿದ ಟೌನ್‌ಶಿಪ್‌ಗೆ ಜಮೀನು ಕೊಡುವುದಿಲ್ಲವೆಂದು 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಭಾಗದ ರೈತರು ಹೋರಾಟಕ್ಕಿಳಿದರು. ಅಂಥ ಕಡೆ ಬಂದೋಬಸ್ತಿಗೆ ನಿಲ್ಲುವ ಕಾನ್‌ಸ್ಟೆಬಲ್ ಕೂಡ ಬಹುಪಾಲು ರೈತರ ಮಗನೇ. ಎದುರಿಗೆ ಕೂತವರಲ್ಲಿ ಅವನಿಗೆ ತನ್ನ ಅಪ್ಪನ ವಯಸ್ಸಿನವರು ಕಾಣುತ್ತಾರೆ. ಆ ಭಾವ ಅವನಲ್ಲಿ ಉಳಿಯಲಿ. ಮುಖಂಡರು ಯಾರು, ಎಲ್ಲಿ ಕೂರುತ್ತಾರೆ, ಆಂಬುಲೆನ್ಸಿಗೆ ದಾರಿ ಯಾವುದು, ನೀರು ಎಲ್ಲಿಂದ, ಇಷ್ಟನ್ನು ಹಿಂದಿನ ದಿನ ಕೂತು ಮಾತಾಡಿಕೊಂಡರೆ ಮರುದಿನ ಲಾಠಿಗೆ ಕೆಲಸವಿರುವುದಿಲ್ಲ.

9. ಸಿಬ್ಬಂದಿಗೆ ನಿದ್ದೆ ಕೊಡಿ

ರಾತ್ರಿ ಗಸ್ತು ಮುಗಿಸಿದವನನ್ನು ಬೆಳಗ್ಗೆ ಕೋರ್ಟು ಕೆಲಸಕ್ಕೆ, ಸಂಜೆ ಜಾತ್ರೆಗೆ ಕಳಿಸಿದರೆ ಅವನು ಸಿಡುಕುವುದು ದೂರು ಕೊಡಲು ಬಂದ ಬಡವರ ಮೇಲೆ. ವಾರದ ರಜೆಯ ಪಟ್ಟಿಯನ್ನು ಠಾಣಾಧಿಕಾರಿ ತಾನೇ ಬರೆಯಬೇಕು, ತಾನೇ ಕಾಪಾಡಬೇಕು. ನಾನು ಆ ಅಜ್ಜಿಯನ್ನು ವಾಪಸು ಕಳಿಸಿದ ದಿನ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಅದು ಕಾರಣ, ಸಮರ್ಥನೆಯಲ್ಲ.

10. ಹೋಗುವಾಗ ಊರನ್ನು ಕೈಗೆ ಕೊಟ್ಟು ಹೋಗಿ

ಅಧಿಕಾರಿಗೆ ವರ್ಗಾವಣೆ ತಪ್ಪಿದ್ದಲ್ಲ. ಚಾರ್ಜು ಕೊಡುವಾಗ ಕಡತ, ಬಂದೂಕು, ಗುಂಡುಗಳ ಲೆಕ್ಕ ಒಪ್ಪಿಸುತ್ತೇವೆ. ಊರಿನ ಪರಿಚಯ ಮಾತ್ರ ನಮ್ಮ ತಲೆಯೊಳಗೇ ಹೊರಟುಹೋಗುತ್ತದೆ. ಹೊಸಬರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ, ಆ ನಡುವಿನ ತಿಂಗಳುಗಳ ಬೆಲೆಯನ್ನು ಊರು ತೆರುತ್ತದೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟೆ. ಯಾವ ಹಳ್ಳಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಜಾತ್ರೆಯಲ್ಲಿ ತೇರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಒಂಟಿಯಾಗಿರುವ ಮುದುಕರ ಮನೆಗಳು ಯಾವುವು, ಎಲ್ಲವನ್ನೂ ಬರೆದು, ವರ್ಗವಾದಾಗಲೆಲ್ಲ ಮುಂದಿನವರ ಕೈಗಿಟ್ಟು ಬಂದೆ.

ಪ್ರತಿ ಠಾಣೆಯಲ್ಲೂ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲು ಬರೆಯುತ್ತಿದ್ದೆ: ಮೂರು ಕುರಿ, ದೂರು ಬರೆದುಕೊಂಡಿಲ್ಲ.