ಇಂಗ್ಲಿಷ್ ವಾಕ್ಯಕ್ಕೆ ಚುಕ್ಕಿ ಎಲ್ಲಿ?

ಇಂಗ್ಲಿಷಿನಲ್ಲಿ 'ರನ್ ಆನ್ ಸೆಂಟೆನ್ಸ್' ಎಂಬುದೊಂದು ದೋಷವುಂಟು. ಸ್ವತಂತ್ರವಾಗಿ ನಿಲ್ಲಬಲ್ಲ ಎರಡು ವಾಕ್ಯಗಳನ್ನು, ನಡುವೆ ತಕ್ಕ ಕೊಂಡಿಯಾಗಲಿ ಚಿಹ್ನೆಯಾಗಲಿ ಇಲ್ಲದೆ, ಒಂದೇ ಉಸಿರಿನಲ್ಲಿ ಓಡಿಸುವುದೇ ಆ ದೋಷ. ನಾನು ಪಂಡಿತನೆಂದು ಇದನ್ನು ಬರೆಯುತ್ತಿಲ್ಲ. ಪೆಟ್ಟು ತಿಂದವನೆಂದು ಬರೆಯುತ್ತಿದ್ದೇನೆ.

ಹೋದ ವರ್ಷ ನಂಜನಗೂಡಿನಲ್ಲಿ ಒಂದು ಕೆಲಸಕ್ಕಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಂಡು ಹೋಗಿದ್ದೆ. ತಿರುಮಕೂಡಲು ನರಸೀಪುರದ ಕಡೆಯ ನಮ್ಮ ಹಳ್ಳಿಯಿಂದ ತಂದೆಯವರೂ ಜೊತೆಗೆ ಬಂದಿದ್ದರು. ಅವರು ಹೆಬ್ಬೆಟ್ಟಿನವರು, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅರ್ಜಿ ನೋಡಿದವರು ಎರಡು ಸಾಲು ಓದಿ, "ಉಸಿರು ಬಿಡಲು ಎಡೆಯೇ ಇಲ್ಲವಲ್ಲ" ಎಂದು ನಕ್ಕು ಹಿಂದಕ್ಕೆ ಕೊಟ್ಟರು. ಹೊರಗೆ ಬಂದಾಗ ತಂದೆಯವರು, "ಏನಂದ್ರು ಮಗ?" ಎಂದರು. "ಚುಕ್ಕಿ ಇಟ್ಟಿಲ್ಲವಂತೆ" ಎಂದೆ. "ಚುಕ್ಕಿ ತಾನೆ? ಮಡಗ್ಬುಡು" ಎಂದರು. ಎಲ್ಲಿ ಇಡಬೇಕೆಂಬುದೇ ನನಗೆ ತಿಳಿದಿರಲಿಲ್ಲ.

ಅಂದು ರಾತ್ರಿ ಅವರು ತಾಯಿಗೆ ಹೇಳಿದರು: "ಬೆಳಿಗ್ಗೆ ಎದ್ದು, ಬಸ್ಸು ಹತ್ತಿ, ನಂಜನಗೂಡಿಗೆ ಹೋಗಿ, ನಂಜುಂಡಪ್ಪನಿಗೆ ಕೈಮುಗ್ದು ಬಂದೊ." ಕೆಲಸಗಳು ಐದು, ಪೂರ್ಣಕ್ರಿಯಾಪದ ಮಾತ್ರ 'ಬಂದೊ' ಎಂಬುದೊಂದೇ. ಎದ್ದು, ಹತ್ತಿ, ಹೋಗಿ, ಮುಗಿದು ಎಂಬ ಕೃದಂತಾವ್ಯಯಗಳು ಮುಂದಿನದನ್ನು ಕಾಯುತ್ತ ನಿಲ್ಲುತ್ತವೆ. ಇಂತಹ ಪೂರ್ಣಕ್ರಿಯಾಪದಕ್ಕೆ ಆಖ್ಯಾತವೆಂದು ಹೆಸರು. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ 'ಶಬ್ದಮಣಿದರ್ಪಣ'ದಲ್ಲಿ ಅದಕ್ಕೆಂದೇ ಒಂದು ಪ್ರಕರಣವುಂಟು.

ನನ್ನ ತಪ್ಪಿನ ಬೇರು ಇಲ್ಲಿತ್ತು. 'ಹೊಳೆ ಏರಿ, ಬಸ್ಸು ನಿಂತಿತು' ಎಂಬುದು ಸರಿಯಾದ ಕನ್ನಡ. ಅದೇ ಜಾಡಿನಲ್ಲಿ 'ದಿ ರಿವರ್ ರೋಸ್, ದಿ ಬಸ್ ಸ್ಟಾಪ್ಡ್' ಎಂದು ಬರೆದರೆ 'ಏರಿ' ಎಂಬುದು 'ಏರಿತು' ಆಗಿಬಿಡುತ್ತದೆ. ಆಗ ಎರಡು ವಾಕ್ಯಗಳಾದುವು; ಅವುಗಳನ್ನು ಹಿಡಿದಿಡಲು ಅಲ್ಪವಿರಾಮಕ್ಕೆ ಶಕ್ತಿ ಸಾಲದು.

ಗುರುತಿಸುವ ಬಗೆ ಸುಲಭ. ಕರ್ತೃವೂ ಪೂರ್ಣಕ್ರಿಯಾಪದವೂ ಕೂಡಿದ ಜೋಡಿಗಳನ್ನು ಎಣಿಸಿರಿ. ಜೋಡಿ ಜೋಡಿಗಳ ನಡುವೆ ಕೊಂಡಿಯುಂಟೇ ನೋಡಿರಿ. ಉದ್ದವೇ ದೋಷವಲ್ಲ. 'ಐ ಕಾಲ್ಡ್ ಹಿ ಕೇಮ್' ಎಂಬುದು ನಾಲ್ಕೇ ಪದಗಳ ವಾಕ್ಯವಾದರೂ ತಪ್ಪೇ.

ತಿದ್ದುವ ದಾರಿಗಳು ಮುಖ್ಯವಾಗಿ ನಾಲ್ಕು:

1. ಪೂರ್ಣವಿರಾಮ: 'ದಿ ರಿವರ್ ರೋಸ್. ದಿ ಬಸ್ ಸ್ಟಾಪ್ಡ್.'

2. ಅಲ್ಪವಿರಾಮದೊಡನೆ 'ಅಂಡ್', 'ಬಟ್', 'ಸೋ' ಮೊದಲಾದವು: 'ದಿ ರಿವರ್ ರೋಸ್, ಸೋ ದಿ ಬಸ್ ಸ್ಟಾಪ್ಡ್.'

3. ಅರ್ಧವಿರಾಮ: 'ದಿ ರಿವರ್ ರೋಸ್; ದಿ ಬಸ್ ಸ್ಟಾಪ್ಡ್.'

4. ಒಂದನ್ನು ಇನ್ನೊಂದಕ್ಕೆ ಅಧೀನ ಮಾಡುವುದು: 'ಬಿಕಾಸ್ ದಿ ರಿವರ್ ರೋಸ್, ದಿ ಬಸ್ ಸ್ಟಾಪ್ಡ್.' ನಮ್ಮ 'ಏರಿ'ಗೆ ಇದೇ ಹತ್ತಿರದ ನೆಂಟ.

ಒಂದು ಎಚ್ಚರಿಕೆ: 'ದೇರ್‌ಫೋರ್', 'ಹೌಎವರ್' ಎಂಬುವು ಕೊಂಡಿಗಳಂತೆ ತೋರಿದರೂ ಎರಡು ವಾಕ್ಯಗಳನ್ನು ಬೆಸೆಯಲಾರವು. ಅಂತಹ ಕಡೆ ಅವುಗಳ ಹಿಂದೆ ಪೂರ್ಣವಿರಾಮವೋ ಅರ್ಧವಿರಾಮವೋ ಬೇಕೇ ಬೇಕು.

ನನ್ನ ಅರ್ಜಿಯ ಮೊದಲ ಸಾಲು ಹೀಗಿತ್ತು: 'ಮೈ ಫಾದರ್ ಈಸ್ ಎ ಫಾರ್ಮರ್, ಹಿ ಕೆನಾಟ್ ರೀಡ್, ಐ ಆಮ್ ಸ್ಟಡಿಯಿಂಗ್ ಫಾರ್ ದಿ ಬಿ.ಎ.' ಈಗ ಹೀಗೆ ತಿದ್ದಿದ್ದೇನೆ: 'ಮೈ ಫಾದರ್, ಹು ಈಸ್ ಎ ಫಾರ್ಮರ್, ಕೆನಾಟ್ ರೀಡ್. ಐ ಆಮ್ ಸ್ಟಡಿಯಿಂಗ್ ಫಾರ್ ದಿ ಬಿ.ಎ.' ತಂದೆಯವರ ಮುಂದೆ ಗಟ್ಟಿಯಾಗಿ ಓದಿದೆ. ಅರ್ಥವಾಗದಿದ್ದರೂ ಕಿವಿಗೊಟ್ಟು ಕೇಳಿ, "ಈಗ ನಿಂತ್ ನಿಂತ್ ಓದ್ತೀಯ" ಎಂದರು.

ಹಳ್ಳಿಯಿಂದ ಬಂದ ಕಿರಿಯ ಮಿತ್ರರೇ, ಈ ತಪ್ಪಿಗಾಗಿ ನಾಚಬೇಕಾದುದಿಲ್ಲ; ಅದು ದಡ್ಡತನವಲ್ಲ, ತಾಯ್ನುಡಿಯ ಜಾಡು. ಅರ್ಜಿಯನ್ನು ಕೊಡುವ ಮುನ್ನ ಒಮ್ಮೆ ಕ್ರಿಯಾಪದಗಳನ್ನು ಎಣಿಸಿರಿ.