ಹಬ್ಬದೂಟದ ಮರುದಿನ ಉಪವಾಸ ಬೇಡ

ಪ್ರಶ್ನೆ: ತಂಗಿಯ ಮದುವೆಯ ಮೂರು ದಿನ ಹೋಳಿಗೆ, ಚಿರೋಟಿ, ಬಜ್ಜಿ ಎಂದು ಮಿತಿಮೀರಿ ತಿಂದೆ. ತೂಕ 2 ಕಿಲೊ ಏರಿದೆ. ಒಂದು ವಾರ ಬರೀ ಹಣ್ಣಿನ ರಸದಲ್ಲಿ ಇರಬಹುದೇ?

ಉತ್ತರ: ಬೇಡಮ್ಮ. ಏರಿದ ತೂಕದಲ್ಲಿ ಹೆಚ್ಚಿನ ಪಾಲು ನೀರು. ದೇಹ ಪಿಷ್ಟ, ಸಕ್ಕರೆಗಳನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಉಪ್ಪು ಹೆಚ್ಚಾದಾಗಲೂ ನೀರು ನಿಲ್ಲುತ್ತದೆ. ಒಂದು ಕಿಲೊ ಕೊಬ್ಬು ಸೇರಲು ಸುಮಾರು 7,700 ಹೆಚ್ಚುವರಿ ಕ್ಯಾಲೊರಿ ಬೇಕು; ಮೂರೇ ದಿನದಲ್ಲಿ ಎರಡು ಕಿಲೊ ಕೊಬ್ಬು ಸೇರುವುದು ಕಷ್ಟ.

ಊಟ ಬಿಟ್ಟರೆ ಸಂಜೆಗೆ ಹಸಿವು ಕೆರಳಿ, ಮತ್ತೆ ಅತಿಯಾಗಿ ತಿನ್ನುವ ಅಪಾಯವಿದೆ. ನಾಳೆ ಬೆಳಿಗ್ಗೆಯಿಂದಲೇ ಹೊತ್ತಿಗೆ ಸರಿಯಾಗಿ ಮೂರು ಊಟ ಮಾಡಿ. ಮುದ್ದೆ, ಸೊಪ್ಪಿನ ಸಾರು, ಕಾಳಿನ ಪಲ್ಯ, ನೀರು ಮಜ್ಜಿಗೆ ಸಾಕು. ಊಟದ ನಂತರ ಹದಿನೈದು ನಿಮಿಷ ನಡೆಯಿರಿ. ಉಳಿದ ಸಿಹಿತಿಂಡಿಯನ್ನು ಹಂಚಿಬಿಡಿ. ಒಂದು ವಾರ ತೂಕ ನೋಡಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು.

ಆದರೆ ಕೈ ತಡೆಯಲಾಗದೆ ತಿನ್ನುವುದು, ಆಮೇಲೆ ನಾಚಿಕೆಪಡುವುದು ಪದೇಪದೇ ನಡೆಯುತ್ತಿದ್ದರೆ ಅದು ಚಿಕಿತ್ಸೆಯಿರುವ ತೊಂದರೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆಮಾಡಿ, ಸಂಕೋಚ ಬೇಡ.